ಕಂಪನೀದು, ನಂದು

ಉದ್ಯಮಬಾಗದಾಗ ಲೈಟ್ ಹೋದಾಗ
ಎಲ್ಲಾ ಲೇಥೂ ಒಮ್ಮೆಲೇ ಸುಮ್ಮನಾಗತಾವು.
ಆವಾಗ ಕೇಳಸತೈತಿ, ಖಾನಾಪುರ ರೋಡಿನಿಂದ
ಸ್ವಪ್ನಿಲ ಹಂಗಿರಗೇಕರನ ಬಿಳೀ ಕಾರು ಹೊಳ್ಳಿದ್ದು.
ಕಾರ್ ಕಾಣೂಕಿಂತ ಮೊದಲ ಗೊತ್ತಾಗತೈತಿ:
ಆ ದನಿ ನಾ ಬೆಸೆದದ್ದು.

ನಾಕು ಪೈಪು, ಸ್ಟೇನ್‌ಲೆಸ್ಸು,
ಉಸುಕು ತುಂಬಿ, ಕಾಸಿ, ಬಾಗಿಸಿದ್ದು.
ಮೊಳಕೈ ಮಡಚಿದಂಗ ಮಡಚಬೇಕು, ಮುರದಂಗಲ್ಲ,
ಅಂತ ಇಸಾಕಚಾಚಾ ಕಲಿಸಿದ್ದು.
ನಾಕೂ ಒಂದ ಅಳತಿ, ನಾಕೂ ಒಂದ ಕೊಳ್ಳಿಗೆ.
ಮೊದಲನೇ ಸಲ ಚಾಲೂ ಮಾಡಿದಾಗ
ಉಕ್ಕು ಬಂಗಾರಾತು, ಬದನಿ ಬಣ್ಣಾತು,
ಆಮ್ಯಾಲೆ ನವಿಲಿನ ಕೊರಳಾತು.
ಸುಳ್ಳ್ಯಾಕ ಹೇಳ್ಲಿ, ಹಿಗ್ಗಿದೆ.

"ಮಾಮಾ, ಚೋರ್ಲಾ ಘಾಟಿನ್ಯಾಗ ಹಕ್ಕಿ ಆಗೇತಿ ಗಾಡಿ."
"ವಾರಂಟಿ?"
"ಇನ್ನ ಹದಿನಾಕು ತಿಂಗಳೈತಿ.
ಅದಕ್ಕ ಹಳೇದು ನಿಮ್ಮಲ್ಲೇ ಇರ್ಲಿ."

ಹಳೇದಂದ್ರ ಕಂಪನೀದು. ಎರಕದ ಕಬ್ಬಿಣ, ಒರಟು.
ಹೊಟ್ಟ್ಯಾಗೊಂದು ಗೂಡು, ಜೇನಿಲ್ಲದ್ದು, ಸಾವಿರ ತೂತು.
ಹೊಗಿ ಅದರಾಗ ಹಾದು, ಅರ್ಧ ವಿಷ ಕಳಕೊಂಡು
ಮನಶ್ಯಾರ ನಡುವ ಬರತೈತಂತ.
ಗೋಣಿಚೀಲದಾಗ ಸುತ್ತಿ, ಖಡುವಿನಿಂದ ಹೆಸರು ಬರದು
ಮ್ಯಾಲಿನ ರ‍್ಯಾಕಿಗಿಟ್ಟೆ.
ಮೀಟರಿನ್ಯಾಗ ಹಳದಿ ದೀಪ ಹತ್ತಿತು.
ಸೆನ್ಸರಿಗೆ ಸಣ್ಣದೊಂದು ತೊಟ್ಟು ಮಾಡಿ ಕೂಡ್ರಿಸಿದೆ,
ಎಲ್ಲಾ ಸ್ವಚ್ಛ ಐತಿ ಅನಸೂವಂಗ.
ಬೆರಳಿನ ಗೆಣ್ಣಿನಷ್ಟು ಸುಳ್ಳು. ದೀಪ ಆರಿತು.

ಸರ್ವಿಸ್ಸಿನ ಹಿಂದಿನ ದಿನ ನಂದು ಬಿಚ್ಚೂದು, ಕಂಪನೀದು ಹಾಕೂದು.
ಮರುದಿನ ಕಂಪನೀದು ಬಿಚ್ಚೂದು, ನಂದು ಹಾಕೂದು.
ಬೀಗರು ಬರೂ ದಿನ ಅಷ್ಟ ಗೋಡಿಗೆ ಸುಣ್ಣ ಹಚ್ಚಿದಂಗ.
ಎರಡೂ ಸಲ ನನಗ ಮಜೂರಿ.
ನಾ ಯಾಕ ಮಾತಾಡ್ಲಿ?

ಮೂರನೇ ಸಲ ಒಂದು ಸ್ಟಡ್ ಕಟ್ ಅಂತು.
ರಾತ್ರಿ ಎರಡರ ತನಕ ಕೊರದು ತಗದೆ, ಹೊಸಾದು ಹಾಕಿದೆ.
ಮರುದಿನ ಶೋರೂಮಿನ ಶೈಲಜಾ ಮೇಡಂ
ಬಾನೆಟ್ಟಿನ್ಯಾಗ ಬಗ್ಗಿ, ಏನೂ ಕೇಳದ
ಒಂದ ನಟ್ಟಿನ ಮ್ಯಾಲೆ ಬೆರಳಿಟ್ಟಳಂತ:
"ಇದೊಂದ್ಯಾಕ ಇಷ್ಟು ಹೊಳೀತೈತಿ?"
ಹುಡುಗ ಹೋದದ್ದು ಸ್ಟೀರಿಂಗ್ ಕಿರ್ ಅಂತೈತಿ ಅಂತ.
ಬಂದದ್ದು ಇಂಜಿನ್ನಿನ ವಾರಂಟಿ ಕಳಕೊಂಡು.
ಒಂದು ಸಿಕ್ಕಾ, ನೀಲಿ ಶಾಯಿ.

ಇನ್ನ ಮುಚ್ಚೂದೇನೈತಿ ಅಂತ
ನಂದ ಹಾಕ್ಕೊಂಡು ಊರೆಲ್ಲಾ ತಿರುಗಿದ.
ಈ ವಾರ ಹೊಗಿ ಚೀಟಿ ಮುಗೀತು.
ಮೂರನೇ ಗೇಟಿನ ಹಂತೇಕ ವ್ಯಾನು ಹಚ್ಚಿಕೊಂಡು ಕುಂದ್ರಾಕಿ
ಮೆಹಜಬೀನ್, ಇಸಾಕಚಾಚಾನ ಮೊಮ್ಮಗಳು.
ನಾನೂ ಸಂಗಾಟ ಹೋದೆ, ಗುರ್ತಿನಾಕಿ ಅಂತ.
ಸೈಲೆನ್ಸರಿನ್ಯಾಗ ನಳಿಗಿ ತೂರಿಸಿದಳು,
ಕೆಮ್ಮಿದಳು, ಓಢಣಿ ಮೂಗಿಗೆ ಹಿಡದಳು.
ಪರದೆದ ಮ್ಯಾಲೆ ಅಂಕಿ ಏರಿದ್ದ ಏರಿದ್ದು.
"ನಮ್ಮ ಹುಡುಗಾನ. ಒಂದಿಷ್ಟು ನೋಡವಾ."
"ಕಾಕಾ, ಮಷೀನಿಗೆ ಮಾರಿ ನೋಡಿ ಮಾತಾಡಾಕ ಬರೂದಿಲ್ಲ.
ಮುಂಜಾನಿಂದ ಸಂಜೀತನಾ ಇದರ ಹಿಂದ ನಿಂದ್ರಾಕಿ ನಾನ.
ಅಜ್ಜ ಇದ್ದಿದ್ರ ಮೊದಲ ಪೈಪು ಹೊಗಳತಿದ್ದ,
ಆಮ್ಯಾಲೆ ನಿಮಗೊಂದು ಬಾರಿಸತಿದ್ದ."

ನಾಳಿ ಒಂಬತ್ತಕ್ಕ ಹುಡುಗ ಬರತಾನ. ಹಳೇದು ಹಾಕಬೇಕು.
ಲೈಟ್ ಇರಲಿಲ್ಲ. ಸ್ಟೂಲ್ ಹತ್ತಿ,
ಇಲಿ ಕಡದ ಗೋಣಿ ಬಿಚ್ಚಿದೆ.
ನಾಕು ಬಾಯಿ.
ಮೂರಕ್ಕ ಕಣಜದ ಹುಳ ಮಣ್ಣು ತಂದು ಮೆತ್ತೈತಿ, ಮಟ್ಟಸ,
ನನ್ನ ವೆಲ್ಡಿಂಗಿಗಿಂತ ಮಟ್ಟಸ.
ನಾಕನೇದು ಇನ್ನೂ ಹಸಿ. ಒಳಗ ಗುಂಯ್ ಅನ್ನಾಕತ್ತೈತಿ.

ಲೈಟ್ ಬಂತು. ಲೇಥೆಲ್ಲಾ ಒಮ್ಮೆಲೇ ಎದ್ದುವು.
ಕೈಯಾಗ ಸ್ಕ್ರೂಡ್ರೈವರ್ ಹಿಡಕೊಂಡು
ನಾ ಇನ್ನೂ ಸ್ಟೂಲಿನ ಮ್ಯಾಲೆ.